ಅಣ್ಣನ ಮಗನ ಕಸರತ್ತು

ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಅಣ್ಣನ ಮಗ, ಮನೆಯಲ್ಲೇ ಮೈ ಬಲಪಡಿಸಿಕೊಳ್ಳುವುದನ್ನು ಹೇಳಿಕೊಡಬೇಕೆಂದು ನನ್ನ ಬೆನ್ನುಬಿದ್ದಿದ್ದಾನೆ. ಭಾರ ಎತ್ತಿದರೆ ಹುಡುಗ ಕುಳ್ಳಗೇ ಉಳಿಯುತ್ತಾನೆಂಬುದು ಅತ್ತಿಗೆಯವರ ಆತಂಕ. ಆದರೆ ಬಲ್ಲವರ ಕಣ್ಣೆದುರು, ಸರಿಯಾದ ಭಂಗಿಯಲ್ಲಿ, ಶಕ್ತಿಗೆ ತಕ್ಕಷ್ಟೇ ಮಾಡುವ ವ್ಯಾಯಾಮದಿಂದ ಬೆಳವಣಿಗೆ ಕುಂಠಿತವಾಗುತ್ತದೆ ಎನ್ನಲು ವೈದ್ಯಕೀಯ ಆಧಾರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೂ, 5ರಿಂದ 17 ವರ್ಷದವರಿಗೆ ವಾರದಲ್ಲಿ ಕನಿಷ್ಠ 3 ದಿನ ಸ್ನಾಯು ಮತ್ತು ಮೂಳೆಗಳನ್ನು ಗಟ್ಟಿಗೊಳಿಸುವ ಚಟುವಟಿಕೆ ಇರಬೇಕೆಂದೇ ಹೇಳುತ್ತದೆ.

ಇದಕ್ಕೆ ಯಂತ್ರಗಳೇನೂ ಬೇಕಿಲ್ಲ. ನಮ್ಮ ಗರಡಿಮನೆಗಳು ದಂಡ ಮತ್ತು ಬಸ್ಕಿಗಳಿಂದಲೇ ಪೈಲ್ವಾನರನ್ನು ತಯಾರು ಮಾಡಿದವು. ಅವನಿಗೆ ಮೊದಲು ಗೋಡೆಗೆ ಕೈಯೂರಿ ದಂಡ ಹೊಡೆಯಲು ಹೇಳಿದ್ದೇನೆ. ಅದು ಹಗುರವೆನಿಸಿದ ಮೇಲೆ ಗಟ್ಟಿಯಾದ ಮಂಚದ ಅಂಚು, ಕೊನೆಗೆ ನೆಲ. ಬಸ್ಕಿಯಲ್ಲಿ ಮಂಡಿಗಳು ಒಳಕ್ಕೆ ವಾಲದಂತೆ ನಾನೇ ಎದುರು ನಿಂತು ನೋಡುತ್ತೇನೆ. ಪುಸ್ತಕ ತುಂಬಿದ ಶಾಲೆಯ ಚೀಲವೇ ಸದ್ಯಕ್ಕೆ ಅವನ ಡಂಬೆಲ್. (ಅದರ ತೂಕ ನೋಡಿದರೆ ಇಷ್ಟು ವರ್ಷ ಅವನು ಕಸರತ್ತು ಮಾಡುತ್ತಲೇ ಇದ್ದನೆನ್ನಬೇಕು.)

ದಿನವೂ ಕನ್ನಡಿಯ ಮುಂದೆ ತೋಳು ಮಡಚಿ ನೋಡಿಕೊಂಡು ಬೇಸರಪಡುತ್ತಾನೆ. ಆರಂಭದ ವಾರಗಳಲ್ಲಿ ಹೆಚ್ಚುವ ಬಲದ ಬಹುಪಾಲು ಸ್ನಾಯು ದಪ್ಪವಾಗುವುದರಿಂದಲ್ಲ, ನರಗಳು ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಿಕೊಳ್ಳಲು ಕಲಿಯುವುದರಿಂದ ಬರುತ್ತದೆಂದು ವಿವರಿಸಿದರೂ ಅವನಿಗೆ ಸಮಾಧಾನವಿಲ್ಲ. ಈಗ ಪ್ರೋಟೀನ್ ಪುಡಿಯ ಡಬ್ಬಿ ಬೇಕೆಂಬ ಬೇಡಿಕೆ ಬಂದಿದೆ. ಮೊಟ್ಟೆ, ಹಾಲು, ಹುರುಳಿಕಾಳಿನ ಸಾರು ಇರುವ ಮನೆಯಲ್ಲಿ ಅದಕ್ಕೆ ಮಾತ್ರ ನನ್ನ ಒಪ್ಪಿಗೆ ಸಿಗುವುದಿಲ್ಲ.