ಅರಳು ಮರಳು ಅನ್ನುವ ಮೊದಲು ಮಾತ್ರೆ ಡಬ್ಬಿ ನೋಡಿ

ಎಪ್ಪತ್ತು ದಾಟಿದವರು ಹಗಲೆಲ್ಲ ತೂಕಡಿಸುತ್ತ, ಕೇಳಿದ್ದನ್ನೇ ಕೇಳತೊಡಗಿದರೆ ಮನೆಯವರು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವಂಥದ್ದು. ಕೆಲವೇ ವಾರಗಳಲ್ಲಿ ಮಂಕು ಕವಿದಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಔಷಧವನ್ನು.

ಡಬ್ಬಿಯಲ್ಲಿ ಅಮಿಟ್ರಿಪ್ಟಿಲಿನ್ ಇದೆಯೇ ನೋಡಿ. ಖಿನ್ನತೆಯ ಹಳೆಯ ಮಾತ್ರೆಯಾದರೂ ಪಾದದ ಉರಿಗೆ, ತಲೆನೋವಿಗೆ, ನಿದ್ದೆಗೆಂದು 10 ಅಥವಾ 25 ಮಿಲಿಗ್ರಾಂ ಕೊಡುವುದುಂಟು. ಮನೆಯಲ್ಲಿ ಅದು ಬರೀ 'ನರದ ಮಾತ್ರೆ'. ನೆನಪಿಗೆ, ಗಮನಕ್ಕೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ಮಿದುಳಿನ ರಾಸಾಯನಿಕಕ್ಕೆ ಇದು ಅಡ್ಡ ಬರುತ್ತದೆ. ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು ಕೂಡ ಅದರಿಂದಲೇ. ಮೇಲೊಂದು ನೆಗಡಿ ಮಾತ್ರೆಯ ಕ್ಲೋರ್‌ಫೆನಿರಮಿನ್ ಬಿದ್ದರೆ ಗೊಂದಲ ಇನ್ನೂ ಜಾಸ್ತಿ. ವೃದ್ಧರಿಗೆ ತಪ್ಪಿಸಬೇಕಾದ ಔಷಧಗಳ ಬಿಯರ್ಸ್ ಪಟ್ಟಿಯಲ್ಲಿ ಅಮಿಟ್ರಿಪ್ಟಿಲಿನ್ ಇದೆ, ಖಿನ್ನತೆಯ ಇನ್ನೊಂದು ಮಾತ್ರೆ ಪ್ಯಾರಾಕ್ಸೆಟಿನ್ ಕೂಡ ಇದೆ.

ಖಿನ್ನತೆಗೇ ಕೊಡುವ ಎಸ್ಸಿಟಲೊಪ್ರಾಮ್, ಸರ್ಟ್ರಲಿನ್ ಈ ವಿಷಯದಲ್ಲಿ ಎಷ್ಟೋ ಮೇಲು. ಆದರೆ ಇವುಗಳಿಂದ ರಕ್ತದ ಸೋಡಿಯಂ ಇಳಿಯಬಹುದು, ಅದನ್ನು ಗಮನಿಸುವವರು ತೀರಾ ಕಡಿಮೆ ಅನ್ನುವುದೇ ನನ್ನ ಚಿಂತೆ. ದೇಹ ನೀರನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ, ಸೋಡಿಯಂ ತೆಳುವಾಗುತ್ತದೆ. ಬಿಪಿ ಮಾತ್ರೆಯಲ್ಲಿ ಹೈಡ್ರೊಕ್ಲೋರೊಥಯಾಜೈಡ್ ಅಥವಾ ಕ್ಲೋರ್‌ಥ್ಯಾಲಿಡೋನ್ ಇದ್ದರೆ ಅಪಾಯ ಹೆಚ್ಚು. ಸ್ಟ್ರಿಪ್ಪಿನ ಹಿಂದಿನ ಸಣ್ಣಕ್ಷರಗಳನ್ನು ಓದಿ. ಸಾಮಾನ್ಯವಾಗಿ ಮೊದಲ ತಿಂಗಳೊಳಗೆ ಶುರುವಾಗುತ್ತದೆ: ವಾಕರಿಕೆ, ತಲೆನೋವು, ತಡವರಿಸುವ ಹೆಜ್ಜೆ, ಆಮೇಲೆ ಗೊಂದಲ. ಮಾತ್ರೆ ಶುರು ಮಾಡುವ ಮೊದಲೊಮ್ಮೆ, ಎರಡು ವಾರದ ನಂತರ ಮತ್ತೊಮ್ಮೆ ಸೋಡಿಯಂ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ. ಇರಬೇಕಾದ ಮಟ್ಟ ಲೀಟರಿಗೆ 135ರಿಂದ 145 ಮಿಲಿಮೋಲ್. ಕಡಿಮೆ ಬಂದಿತೆಂದು ಮನೆಯಲ್ಲೇ ಉಪ್ಪು ತಿನ್ನಿಸಬೇಡಿ. ಇಲ್ಲಿ ತೊಂದರೆ ಉಳಿದುಕೊಂಡ ನೀರಿನದು. ಎಬ್ಬಿಸಿದರೂ ಏಳದಷ್ಟು ಮಂಪರು ಅಥವಾ ಫಿಟ್ಸ್ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಪ್ರಮಾಣವೂ ಮುಖ್ಯ. ಎಸ್ಸಿಟಲೊಪ್ರಾಮ್ ವೃದ್ಧರಿಗೆ 5 ಮಿಲಿಗ್ರಾಂನಿಂದ ಶುರುವಾಗಿ ಸಾಮಾನ್ಯವಾಗಿ 10ಕ್ಕೆ ನಿಲ್ಲಬೇಕು. ಖಿನ್ನತೆಯ ಮತ್ತೊಂದು ಮಾತ್ರೆ ಮಿರ್ಟಜಪಿನ್ ನಿದ್ದೆ ತರಿಸುತ್ತದೆ, ರಾತ್ರಿಯೇ ಕೊಡಿ.

ಇಷ್ಟೆಲ್ಲ ಓದಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ದಯವಿಟ್ಟು. ಖಿನ್ನತೆಯೇ ಯೋಚನೆಯನ್ನು ಮಂದಗೊಳಿಸುತ್ತದೆ. ಅದು ಇಳಿದಾಗ ನೆನಪು ಚುರುಕಾಗುವವರಿದ್ದಾರೆ. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ದಿಢೀರನೆ ಬಿಟ್ಟರೆ ತಲೆಸುತ್ತು, ಕರೆಂಟು ಹೊಡೆದಂಥ ಅನುಭವ ಆಗಬಹುದು. ಮೆಡಿಕಲ್ ಶಾಪಿನಿಂದ ತಂದ ನೆಗಡಿ ಮಾತ್ರೆಯೂ ಸೇರಿ ಎಲ್ಲ ಸ್ಟ್ರಿಪ್‌ಗಳನ್ನು ಒಂದು ಚೀಲಕ್ಕೆ ಹಾಕಿ, ಯಾವುದು ಯಾವಾಗ ಶುರುವಾಯಿತು, ಮಂಕು ಯಾವಾಗ ಕಂಡಿತು ಎಂದು ಬರೆದು ಡಾಕ್ಟರ ಮುಂದಿಡಿ.