ಹಾರ್ಮೋನಿಯಂಗೆ ಎಷ್ಟು ದೊಡ್ಡ ಗುಮ್ಮಟ ಬೇಕು?

ವಿಜಯಪುರದ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಭಜನಾ ಮೇಳದವರ ತತ್ವಪದಗಳನ್ನು ಧ್ವನಿಮುದ್ರಿಸುವಾಗ, ರಿವರ್ಬ್‌ಗೆಂದು, ಎಂದರೆ ದೊಡ್ಡ ಕೋಣೆಯಲ್ಲಿ ದನಿ ನಿಧಾನವಾಗಿ ಕರಗುವಂಥ ಅನುರಣನಕ್ಕೆಂದು, ನಾನು ಇಂದಿಗೂ ನೆಚ್ಚಿಕೊಂಡಿರುವುದು ಯಮಹಾ ಎಸ್‌ಪಿಎಕ್ಸ್ 90 ಎಂಬ ಹಳೆಯ ರ್‍ಯಾಕ್ ಯಂತ್ರವನ್ನು. 1985ರಲ್ಲಿ ಬಂದ, 19 ಇಂಚಿನ ರ್‍ಯಾಕ್‌ನಲ್ಲಿ ಒಂದೇ ಯೂನಿಟ್ ಜಾಗ ಹಿಡಿಯುವ ಈ ಪೆಟ್ಟಿಗೆಯ ಸ್ಯಾಂಪ್ಲಿಂಗ್ ದರ, ಎಂದರೆ ಅದು ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆಂಬುದು, 31.25 ಕಿಲೋಹರ್ಟ್ಸ್ ಮಾತ್ರ. ಆದ್ದರಿಂದ 12 ಕಿಲೋಹರ್ಟ್ಸ್‌ಗಿಂತ ಮೇಲಿನ ಧ್ವನಿ ಇದರ ರಿವರ್ಬ್‌ನಲ್ಲಿ ಉಳಿಯುವುದಿಲ್ಲ. ಲೆಕ್ಕಕ್ಕೆ ಇದು ಕೊರತೆಯೇ ಸರಿ, ಆದರೆ ತಾಳದ ಕಿಣಿಕಿಣಿ ಎಲ್ಲೆಡೆ ಹರಡಿ ಹಾಡಿನ ಮಾತನ್ನು ಮುಚ್ಚದಿರುವುದು ಈ ಕೊರತೆಯಿಂದಲೇ.

ಮೊದಮೊದಲು ನಾನು ಮಾಡಿದ ತಪ್ಪನ್ನು ಹೇಳಿಕೊಳ್ಳಬೇಕು. ಮಿಕ್ಸರಿನ, ಧ್ವನಿಯ ಒಂದು ಪ್ರತಿಯನ್ನು ಹೊರಗೆ ಕಳಿಸುವ, ಆಕ್ಸ್ ಸೆಂಡ್‌ನಿಂದ ಯಂತ್ರಕ್ಕೆ ಧ್ವನಿ ಕಳಿಸಿ, ಅದರ ಔಟ್‌ಪುಟ್ಟನ್ನು ಬೇರೆ ಚಾನೆಲ್ಲಿಗೆ ತಂದಿದ್ದೆ. ಮೂಲ ಧ್ವನಿ ಮತ್ತು ರಿವರ್ಬ್ ಎಷ್ಟೆಷ್ಟು ಬೆರೆಯಬೇಕೆಂದು ಹೇಳುವ ಯಂತ್ರದ ಬ್ಯಾಲೆನ್ಸ್ ಮಾತ್ರ 50ರಲ್ಲೇ, ಎಂದರೆ ಅರ್ಧಕ್ಕರ್ಧದಲ್ಲೇ, ನಿಂತಿತ್ತು. ಹಾರ್ಮೋನಿಯಂ ಖಾಲಿ ಕೊಡದೊಳಗಿಂದ ನುಡಿದಂತೆ ಕೇಳುತ್ತಿತ್ತು, ನಾನು ಎರಡು ದಿನ ಮೈಕನ್ನು ಬೈದೆ. ಯಂತ್ರದೊಳಗೆ ಹೋದ ಮೂಲ ಧ್ವನಿ ಡಿಜಿಟಲ್ ಆಗಿ, ಮರಳಿ ಅನಲಾಗ್ ಆಗಿ ಬರುವಷ್ಟರಲ್ಲಿ ಕೊಂಚ ತಡವಾಗುತ್ತದೆ. ತಡ ಒಂದೇ ಮಿಲಿಸೆಕೆಂಡ್ ಎಂದಿಟ್ಟುಕೊಂಡರೂ 500, 1500, 2500 ಹರ್ಟ್ಸ್‌ಗಳಲ್ಲಿ ಅದು ನೇರ ಧ್ವನಿಗೆ ಎದುರಾಗಿ ನಿಂತು, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಬ್ಯಾಲೆನ್ಸನ್ನು 100ಕ್ಕೆ ಏರಿಸಿದ ಕ್ಷಣವೇ ಕೊಡ ಒಡೆಯಿತು. ಈಗ ಯಂತ್ರದಿಂದ ಬರುವುದು ರಿವರ್ಬ್ ಮಾತ್ರ, ಮೂಲ ಧ್ವನಿ ಮಿಕ್ಸರಿನಿಂದ ನೇರವಾಗಿ ಹೋಗುತ್ತದೆ.

ಆಮೇಲೆ ಊರಿನ ಅಭಿಮಾನ ತಲೆಗೇರಿತು. ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ ಈ ಗೋಡೆಯಿಂದ ಆ ಗೋಡೆಗೆ ತಲುಪಲು 110 ಮಿಲಿಸೆಕೆಂಡ್ ಬೇಕು. ಅದೇ ಯಂತ್ರದ ಡಿಲೇಯನ್ನು, ಎಂದರೆ ಮರುದನಿ ತಡವಾಗಿ ಬರುವ ಹೊತ್ತನ್ನು, ಅಷ್ಟಕ್ಕೇ ಇಟ್ಟು, ಮರುದನಿ ಹಲವು ಬಾರಿ ಮರುಕಳಿಸುವಂತೆ ಫೀಡ್‌ಬ್ಯಾಕ್ ಏರಿಸಿ, ಹೆಮ್ಮೆಯಿಂದ ಮೇಳದ ಹಿರಿಯರಿಗೆ ಕೇಳಿಸಿದೆ. ಅವರು ಹೆಡ್‌ಫೋನ್ ತೆಗೆದು, "ತಮ್ಮಾ, ಗುಮ್ಮಟದಾಗ ಕುಂತು ಹಾಡಿದಂಗ ಆತು, ಖರೆ. ಆದ್ರ ಪದ ಏನ್ ಹೇಳ್ತೈತಿ ಅನ್ನೂದs ತಿಳಿಯವಲ್ದು" ಎಂದರು.

ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು, ಡಿಲೇ ಬಿಟ್ಟು ರಿವರ್ಬ್‌ಗೆ ಮರಳಿ, ಅದರ ಅವಧಿಯನ್ನು ಇಳಿಸುತ್ತ ಬಂದೆ. 1.6 ಸೆಕೆಂಡಿಗೆ ಬಂದಾಗ, ಮಾತು ಮೊದಲು ಕೇಳಿ ಆಮೇಲೆ ರಿವರ್ಬ್ ಏಳಲೆಂದು 25 ಮಿಲಿಸೆಕೆಂಡ್ ಪ್ರೀಡಿಲೇ ಕೊಟ್ಟ ಮೇಲೆ, ಅವರು ತಲೆದೂಗಿದರು. ಯಂತ್ರದ ಮೊದಲ 30 ಪ್ರೋಗ್ರಾಂಗಳು, ಎಂದರೆ ಸಿದ್ಧ ಅಳತೆಗಳು, ಕಾರ್ಖಾನೆಯವು, ಅವನ್ನು ಅಳಿಸಿ ಬರೆಯಲಾಗದು. ಹೀಗಾಗಿ ಹಿರಿಯರು ಒಪ್ಪಿದ ಆ ಅಳತೆ ನಮ್ಮ ಪೆಟ್ಟಿಗೆಯ 31ನೇ ಮೆಮೊರಿಯಲ್ಲಿದೆ.