ಹ್ಯಾರಿಸ್ ದ್ವೀಪದ ಒಂಟಿ ದಾರಿ

ಮೊನ್ನೆ ಸ್ಕಾಟ್ಲೆಂಡಿನ ಉಲ್ಲಾಪೂಲಿನಲ್ಲಿ ಕಾರನ್ನು ಹಡಗಿಗೆ ಹತ್ತಿಸಿ, ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಡೆಕ್ಕಿನ ಮೇಲೆ ಗಾಳಿಗೆ ಮುಖವೊಡ್ಡಿ ನಿಂತು ಲೂಯಿಸ್ ದ್ವೀಪದ ಸ್ಟೋರ್ನೋವೇ ತಲುಪಿದೆವು. ಕ್ಯಾಲನಿಶ್‌ನ ಸುಮಾರು 5,000 ವರ್ಷ ಹಳೆಯ ನಿಲುಗಲ್ಲುಗಳನ್ನು ಬಿಟ್ಟು ಬರಲು ಇವರಿಗೆ ಮನಸ್ಸೇ ಇರಲಿಲ್ಲ. ನನಗೆ ಹಿಡಿಸಿದ್ದು ಲೂಯಿಸ್‌ಗೆ ಅಂಟಿಕೊಂಡೇ ಇರುವ ಹ್ಯಾರಿಸ್‌ನ ಪೂರ್ವ ದಂಡೆಯ ಗೋಲ್ಡನ್ ರೋಡ್. ಒಂದೇ ಕಾರು ಹಿಡಿಸುವಷ್ಟು ಅಗಲ, ಅಲ್ಲಲ್ಲಿ ಸರಿದು ನಿಲ್ಲಲು ಜಾಗ. ಎದುರಿಗೆ ಬಂದವರು ನಾವು ದಾಟುವವರೆಗೂ ಕಾದು, ಸ್ಟೀರಿಂಗ್ ಮೇಲಿಂದಲೇ ಬೆರಳೆತ್ತಿ ನಗುತ್ತಾರೆ. ಸಂಜೆಯ ಹೊತ್ತಿಗೆ ನಾವೂ ಬೆರಳೆತ್ತುತ್ತಿದ್ದೆವು. (ಊರಿನ ಫಲಕಗಳಲ್ಲಿ ಗೇಲಿಕ್ ಹೆಸರು ಕಂಡರೆ ಓದಲು ಬಾರದಿದ್ದರೂ ಖುಷಿ.) ಮದುವೆಯಾಗಿ 20 ವರ್ಷ. ಯಾರು ಮೊದಲು ದಾರಿ ಬಿಡಬೇಕೆಂಬುದು ನಮ್ಮಿಬ್ಬರಲ್ಲೂ ಈಗೀಗ ಹೀಗೇ ಮಾತಿಲ್ಲದೆ ಇತ್ಯರ್ಥವಾಗುತ್ತದಲ್ಲ ಅನಿಸಿತು. ಲಸ್ಕೆನ್‌ಟೈರ್ ಕಡಲ ತೀರದಲ್ಲಿ ಈಗ ಮಳೆ. ನಾಳೆ ಲೆವರ್‌ಬರ್ಗ್‌ನಿಂದ ಬರ್ನರೇ ದ್ವೀಪಕ್ಕೆ ಇನ್ನೊಂದು ಹಡಗು.